ಡಬ್ಬಿಯ ಸಕ್ಕರೆ, ರಕ್ತದ ಶುಗರ್



‘ಮನೆಯಲ್ಲಿ ಸಕ್ಕರೆ ಇದೆ’ ಎಂದರೆ ಕಾಫಿಗೆ ತೊಂದರೆಯಿಲ್ಲ ಎಂದು ಅರ್ಥ. ‘ಮನೆಯಲ್ಲಿ ಶುಗರ್ ಇದೆ’ ಎಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಅಪ್ಪನಿಗೋ ಅಮ್ಮನಿಗೋ, ಎಷ್ಟು ವರ್ಷವಾಯಿತು, ಮಾತ್ರೆಯೋ ಇಂಜೆಕ್ಷನ್ನೋ ಎಂದು ವಿಚಾರಿಸಲು ಶುರು ಮಾಡುತ್ತಾರೆ. ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಶುಗರ್ ಎಂಬುದಕ್ಕೆ ಸಕ್ಕರೆ ಎಂದೇ ಅರ್ಥ ಕೊಟ್ಟಿರುತ್ತದೆ. ಕನ್ನಡದ ಬಾಯಿ ಮಾತ್ರ ಎರಡನ್ನೂ ಬೇರೆ ಬೇರೆ ಇಟ್ಟಿದೆ: ಒಂದು ಅಡುಗೆಮನೆಯ ಡಬ್ಬಿಯಲ್ಲಿರುವುದು, ಇನ್ನೊಂದು ಮೈಯ ರಕ್ತದಲ್ಲಿರುವುದು.

ವಾಸ್ತವವಾಗಿ ಇವೆರಡೂ ಒಂದೇ ಶಬ್ದ. ಅದರ ಒಂದು ರೂಪ ಊರಲ್ಲೇ ಉಳಿದು ಸಕ್ಕರೆಯಾಯಿತು. ಇನ್ನೊಂದು ಪರ್ಷಿಯಾ, ಅರೇಬಿಯಾ, ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಶುಗರ್ ಆಗಿ ಹಿಂತಿರುಗಿತು. ಹೊರಟಾಗ ಅದಕ್ಕಿದ್ದ ಅರ್ಥವೇ ಬೇರೆ, ಬಂದಾಗ ಇದ್ದ ಅರ್ಥವೇ ಬೇರೆ. ನಡುವಿನ ಒಂದೊಂದು ತಿರುವಿನಲ್ಲೂ ಯಾರದೋ ಕೈ ಕೆಲಸ ಮಾಡಿದೆ, ಯಾರದೋ ಮೈ ನೊಂದಿದೆ. ಶುಗರ್ ಎಂಬ ಈ ಸಾಮಾನ್ಯ ಇಂಗ್ಲಿಷ್ ಶಬ್ದದ ಅರ್ಥಗಳನ್ನು ಆ ಕೈ, ಆ ಮೈಗಳ ಕಡೆಯಿಂದ ನೋಡುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಅದು ಕಲ್ಲು

ಸಂಸ್ಕೃತದ ಶರ್ಕರಾ ಶಬ್ದದ ಹಳೆಯ ಅರ್ಥದಲ್ಲಿ ಸಿಹಿಯ ಸುಳಿವೇ ಇಲ್ಲ. ಗರಸು, ಕಲ್ಲುಹರಳು, ಬರಿಗಾಲಿಗೆ ಒತ್ತುವ ಸಣ್ಣ ನೊರಜು: ಇವು ಶರ್ಕರಾ. ಶತಪಥ ಬ್ರಾಹ್ಮಣದಲ್ಲಿ ಭೂಮಿ ಗಟ್ಟಿಯಾದ ಕ್ರಮವನ್ನು ಹೇಳುವ ಕಡೆ ನೊರೆಯಿಂದ ಆರಂಭವಾಗಿ ಮಣ್ಣು, ಮರಳು, ಶರ್ಕರಾ, ಬಂಡೆ, ಅದಿರು, ಚಿನ್ನ ಎಂದು ಸಾಲು ಮುಂದುವರಿಯುತ್ತದೆ. ಮರಳಿಗಿಂತ ದಪ್ಪ, ಬಂಡೆಗಿಂತ ಸಣ್ಣ ಎಂಬುದಷ್ಟೇ ಅಲ್ಲಿ ಅದರ ಸ್ಥಾನ.

ಸುಶ್ರುತ ಸಂಹಿತೆಯಲ್ಲಿ ಈ ಕಲ್ಲು ದೇಹದೊಳಕ್ಕೆ ಬರುತ್ತದೆ. ಮೂತ್ರಕೋಶದಲ್ಲಿ ಕಟ್ಟುವ ಕಲ್ಲಿಗೆ ಅಶ್ಮರಿ ಎಂದು ಹೆಸರು. ಆ ಕಲ್ಲು ಒಡೆದು ಹರಳುಹರಳಾಗಿ ಮೂತ್ರದಲ್ಲಿ ಹೊರಬಿದ್ದರೆ ಅದು ಶರ್ಕರಾ. ಹೀಗೆ ವೈದ್ಯರ ಬಾಯಲ್ಲಿ ಈ ಶಬ್ದ ಒಂದು ಕಾಯಿಲೆಯನ್ನು ಸೂಚಿಸಿದ್ದು ಇಂಗ್ಲಿಷ್ ಹುಟ್ಟುವುದಕ್ಕೂ ಬಹಳ ಹಿಂದೆ.

ಗರಸಿನ ಹೆಸರು ಸಿಹಿಗೆ ಅಂಟಿಕೊಂಡದ್ದು ಹೇಗೆ ಎಂಬುದಕ್ಕೆ ಉತ್ತರ ಗ್ರಂಥಗಳಿಗಿಂತ ಆಲೆಮನೆಯಲ್ಲಿ ಚೆನ್ನಾಗಿ ಸಿಗುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವಾಗ ಬೂದುಹಸಿರು ಬಣ್ಣದ ನೀರು. ಒಣಗಿದ ಕಬ್ಬಿನ ಸಿಪ್ಪೆಯ ಉರಿಯಲ್ಲಿ ಅದು ಕುದಿಯತೊಡಗಿದಾಗ ಸುಣ್ಣದ ತಿಳಿ ಹಾಕುತ್ತಾರೆ, ಬೆಂಡೆಗಿಡದ ಲೋಳೆ ಬೆರೆಸುತ್ತಾರೆ. ಕೊಳೆಯೆಲ್ಲ ನೊರೆಯ ಜೊತೆ ಮೇಲೇಳುತ್ತದೆ, ಅದನ್ನು ಬಳಿದು ತೆಗೆಯುತ್ತಾರೆ. ಹಾಲು ಕೆಂಪಗಾಗಿ, ಗುಳ್ಳೆಗಳು ದಪ್ಪವಾಗಿ, ಪಾಕ ಬಂತೇ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಅನುಭವಿ ಆಳೊಬ್ಬ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳ ತುದಿಯಲ್ಲಿ ಉಂಡೆ ಮಾಡಿ ನೋಡುತ್ತಾನೆ. ಉಂಡೆ ನಿಂತರೆ ಅಚ್ಚಿಗೆ ಹೊಯ್ಯುವ ಸಮಯ; ಅದು ಬೆಲ್ಲ. ಸ್ವಲ್ಪ ಮೊದಲೇ ಇಳಿಸಿಕೊಂಡರೆ ಜೋನಿಬೆಲ್ಲ. ಮಲೆನಾಡಿನ ಮನೆಗಳಲ್ಲಿ ಜೋನಿಬೆಲ್ಲದ ಡಬ್ಬ ತಿಂಗಳುಗಟ್ಟಲೆ ಅಲುಗಾಡದೆ ಕೂತರೆ ತಳದಲ್ಲಿ ಹರಳು ಕೂಡುತ್ತದೆ. ಸೌಟು ಇಳಿಸಿದರೆ ಕರಕರ ಎನ್ನುತ್ತದೆ, ನಾಲಿಗೆಗೆ ಮರಳಿನಂತೆ ತಾಗಿ ಆಮೇಲೆ ಕರಗುತ್ತದೆ. ಆ ಕರಕರ ಸದ್ದನ್ನು ಮೊದಲು ಕೇಳಿದವರಿಗೆ ಗರಸಿನ ಹೆಸರಲ್ಲದೆ ಇನ್ನಾವ ಹೆಸರು ಹೊಳೆದೀತು?

ಕೌಟಿಲ್ಯನ ಅರ್ಥಶಾಸ್ತ್ರ ಕೋಷ್ಠಾಗಾರದಲ್ಲಿ ಇರಬೇಕಾದ ಕಬ್ಬಿನ ಪದಾರ್ಥಗಳನ್ನು ಒಟ್ಟಿಗೆ ಎಣಿಸುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಕಾಯಿಸಿದ ದಪ್ಪ ರಸ ಫಾಣಿತ. ಉಂಡೆ ಕಟ್ಟುವ ಬೆಲ್ಲ ಗುಡ. ಮೀನಿನ ಮೊಟ್ಟೆಯಂತೆ ಸಣ್ಣ ಕಾಳಾದದ್ದು ಮತ್ಸ್ಯಂಡಿಕಾ. ತುಂಡಾಗಿ ಒಡೆಯುವುದು ಖಂಡ. ಎಲ್ಲಕ್ಕೂ ಕೊನೆಗೆ, ಎಲ್ಲಕ್ಕಿಂತ ಶುದ್ಧವಾದದ್ದು ಶರ್ಕರಾ. ಈ ಹೆಸರುಗಳಲ್ಲಿ ರುಚಿಯನ್ನು ಹೇಳುವುದು ಒಂದೂ ಇಲ್ಲ. ಹೆಚ್ಚಿನವು ಕೈಗೆ ಹೇಗೆ ತಾಕಿತು, ಕಣ್ಣಿಗೆ ಹೇಗೆ ಕಂಡಿತು ಎಂಬುದನ್ನೇ ಹೇಳುತ್ತವೆ. ಕೊಪ್ಪರಿಗೆಯ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತವರು ಇಟ್ಟ ಹೆಸರುಗಳಿವು.

ಪ್ರಾಕೃತದಲ್ಲಿ ಶರ್ಕರಾ ಸಕ್ಖರಾ ಆಯಿತು. ಸ್ವರ್ಗ ಸಗ್ಗವಾದಂತೆ, ವರ್ಣ ಬಣ್ಣವಾದಂತೆ, ಅದು ಕನ್ನಡದಲ್ಲಿ ಸಕ್ಕರೆಯಾಗಿ ನೆಲೆ ನಿಂತಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇದನ್ನು ತದ್ಭವವೆಂದೇ ಗುರುತಿಸುತ್ತದೆ. ಕಬ್ಬು, ಬೆಲ್ಲ ಈ ಎರಡೂ ಅಚ್ಚ ದ್ರಾವಿಡ ಶಬ್ದಗಳು. ತಮಿಳಿನ ಕರುಂಬು, ವೆಲ್ಲಂ ಇವುಗಳ ಒಡಹುಟ್ಟುಗಳು. ಅಂದರೆ ಗಿಡಕ್ಕೂ ಅದರಿಂದ ಮಾಡಿದ ಬೆಲ್ಲಕ್ಕೂ ಸ್ವಂತ ಹೆಸರು ಇಟ್ಟುಕೊಂಡಿದ್ದ ಕನ್ನಡ, ಹರಳಾದ ಸಿಹಿಗೆ ಮಾತ್ರ ಉತ್ತರದ ಹೆಸರನ್ನು ಕರೆದುಕೊಂಡಿತು. ನೆರೆಯ ಮಲಯಾಳದಲ್ಲಿ ಶರ್ಕರ ಎಂದರೆ ಇಂದಿಗೂ ಬೆಲ್ಲ. ಸಕ್ಕರೆಗೆ ಅಲ್ಲಿ ಪಂಚಸಾರ ಎನ್ನುತ್ತಾರೆ. ಕಾಸರಗೋಡಿನ ಅಂಗಡಿಗಳಲ್ಲಿ ಎರಡೂ ಭಾಷೆಯಲ್ಲಿ ಸಾಮಾನು ಕೇಳುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಇಂಗ್ಲಿಷಿಗೆ ಮೂರು ಬಾಗಿಲು

ಒಂದೇ ಶರ್ಕರಾ ಇಂಗ್ಲಿಷಿನೊಳಕ್ಕೆ ಮೂರು ಬೇರೆ ಬೇರೆ ಬಾಗಿಲುಗಳಿಂದ ಹೋಗಿದೆ. ಮೂರು ಸಲವೂ ಬೇರೆ ಜನ ಕರೆದುಕೊಂಡು ಹೋದರು, ಬೇರೆ ಬಟ್ಟೆ ತೊಡಿಸಿದರು.

ಮೊದಲ ಬಾಗಿಲು ಗ್ರೀಕರದು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಸಿಂಧೂ ನದಿಯ ಬಯಲಿನಲ್ಲಿ ಕಬ್ಬನ್ನು ಕಂಡು, ಇಲ್ಲಿ ಜೇನುಹುಳುಗಳಿಲ್ಲದೆಯೇ ಜೇನು ಕೊಡುವ ಜೊಂಡು ಬೆಳೆಯುತ್ತದೆ ಎಂದು ವರದಿ ಮಾಡಿದ. ಗ್ರೀಕ್ ಭೂಗೋಳಕಾರ ಸ್ಟ್ರಾಬೋನ ಗ್ರಂಥದ ಮೂಲಕ ಆ ಮಾತು ಉಳಿದಿದೆ. ಕ್ರಿಸ್ತಶಕ 1ನೇ ಶತಮಾನದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿ, ಭರೂಚಿನ ಕಡೆಯಿಂದ ಆಫ್ರಿಕಾದ ಬಂದರುಗಳಿಗೆ ಹೋಗುವ ಸರಕುಗಳಲ್ಲಿ ‘ಸಕ್ಖರಿ ಎಂಬ ಜೊಂಡಿನ ಜೇನ’ನ್ನೂ ಸೇರಿಸುತ್ತದೆ. ಅದೇ ಕಾಲದ ವೈದ್ಯ ಡಯೊಸ್ಕೊರಿಡೀಸ್, ಉಪ್ಪಿನ ಹಾಗೆ ಹಲ್ಲಿಗೆ ಸಿಕ್ಕಿ ಪುಡಿಯಾಗುವ ಗಟ್ಟಿ ಜೇನು ಎಂದು ಇದನ್ನು ವರ್ಣಿಸಿದ. ಅವನಿಗೆ ಇದು ಹೊಟ್ಟೆಗೆ ಕೊಡುವ ಔಷಧಿ.

ಗ್ರೀಕರು ಹಿಡಿದುಕೊಂಡದ್ದು ಸಂಸ್ಕೃತದ ರೂಪವನ್ನಲ್ಲ, ಬಂದರಿನ ವ್ಯಾಪಾರಿಗಳ ಪ್ರಾಕೃತ ರೂಪವನ್ನು. ಕನ್ನಡದ ಸಕ್ಕರೆ ಬಂದದ್ದೂ ಆ ಪ್ರಾಕೃತದ ಕಡೆಯಿಂದಲೇ. ಆದ್ದರಿಂದ ಗ್ರೀಕಿನ ಸಕ್ಖರಾನ್ ಶಬ್ದವನ್ನು ಮೊದಲ ಸಲ ಕೇಳುವ ಕನ್ನಡಿಗರಿಗೂ ಅದು ಪರಿಚಿತವೆನಿಸುತ್ತದೆ. ಲ್ಯಾಟಿನ್ನಿನಲ್ಲಿ ಇದು ಸಕ್ಕರಮ್ ಆಯಿತು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೆಯಸ್ ಕಬ್ಬಿಗೆ ಸಕ್ಕರಮ್ ಅಫಿಸಿನಾರಮ್ ಎಂದು ಶಾಸ್ತ್ರೀಯ ಹೆಸರಿಟ್ಟಾಗ, ಮದ್ದಿನಂಗಡಿಯ ಸಕ್ಕರೆ ಎಂಬ ಹಳೆಯ ನೆನಪು ಅದರಲ್ಲಿ ಉಳಿಯಿತು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಕಲ್ಲಿದ್ದಲಿನ ಟಾರಿಗೆ ಸಂಬಂಧಿಸಿದ ರಾಸಾಯನಿಕವೊಂದರಲ್ಲಿ ವಿಪರೀತ ಸಿಹಿ ಕಂಡ. ಅದಕ್ಕೆ ಸ್ಯಾಕರಿನ್ ಎಂಬ ಹೆಸರು ಬಂತು. ಸಕ್ಕರೆ ತಿನ್ನಬಾರದವರಿಗೆ ಕೊಡುವ, ಸಕ್ಕರೆಯೇ ಅಲ್ಲದ ಸಿಹಿಗೂ ಸಕ್ಕರೆಯ ಹೆಸರೇ ಬಂದಂತಾಯಿತು.

ಎರಡನೆಯ ಬಾಗಿಲು ಹೆಬ್ಬಾಗಿಲು. ಪರ್ಷಿಯನ್ನರು ಶಕರ್ ಎಂದರು, ಅರಬರು ಸುಕ್ಕರ್ ಎಂದರು. ಅರಬರು ಹೋದ ಕಡೆಯೆಲ್ಲ ಕಬ್ಬು, ಕಬ್ಬಿಗೆ ಬೇಕಾದ ನೀರಾವರಿ, ಕಾಯಿಸುವ ವಿದ್ಯೆ ಜೊತೆಯಾಗಿ ಹೋದವು: ಈಜಿಪ್ಟ್, ಸಿಸಿಲಿ, ಸ್ಪೇನ್. ಇಟಲಿಯಲ್ಲಿ ಝುಕ್ಕೆರೊ, ಜರ್ಮನಿಯಲ್ಲಿ ತ್ಸುಕರ್, ಫ್ರಾನ್ಸಿನಲ್ಲಿ ಸುಕ್ರ್. ಸ್ಪೇನಿನವರು ಅರಬಿಯ ‘ಅಲ್’ ಉಪಪದವನ್ನೂ ಸೇರಿಸಿಕೊಂಡು ಅಸುಕಾರ್ ಎಂದರು. ಫ್ರೆಂಚಿನಿಂದ 13ನೇ ಶತಮಾನದ ಕೊನೆಯ ಹೊತ್ತಿಗೆ ಇದು ಇಂಗ್ಲಿಷಿಗೆ ಬಂತು. ಖಂಡ ಶಬ್ದವೂ ಇದೇ ದಾರಿಯಲ್ಲಿ ಬೆನ್ನು ಹತ್ತಿ ಹೊರಟು, ಪರ್ಷಿಯನ್ನಿನ ಕಂದ್ ಆಗಿ, ಫ್ರೆಂಚಿನ ಕಾಂದಿ ಆಗಿ, ಇಂಗ್ಲಿಷಿನ ಕ್ಯಾಂಡಿ ಆಯಿತು. ಇಂದು ಮಕ್ಕಳು ಕೈಚಾಚಿ ಕೇಳುವ ಕ್ಯಾಂಡಿ ಅರ್ಥಶಾಸ್ತ್ರದ ಆ ಪಟ್ಟಿಯ ನಾಲ್ಕನೆಯ ಹೆಸರು.

ಈ ದಾರಿಯಲ್ಲಿ ಒಂದು ಅಕ್ಷರದ ಕಥೆ ಇದೆ. ಹೊರಟಾಗ ಶಬ್ದದ ಮೊದಲಿಗೆ ಶಕಾರವಿತ್ತು. ಪರ್ಷಿಯನ್ ಅದನ್ನು ಉಳಿಸಿಕೊಂಡಿತು, ಅರಬಿಯ ರೂಪದಲ್ಲಿ ಅದು ಸಕಾರವಾಯಿತು. ಇಂಗ್ಲಿಷಿಗೆ ಬಂದದ್ದೂ ಸಕಾರದಿಂದಲೇ. ಈಗಲೂ ಬರವಣಿಗೆಯಲ್ಲಿ ಇರುವುದು ಸಕಾರದ ಅಕ್ಷರವೇ. ಆದರೆ 17ನೇ ಶತಮಾನದ ಹೊತ್ತಿಗೆ ‘ಸ್ಯು’ ಎಂಬ ಉಚ್ಚಾರಣೆ ಇಂಗ್ಲಿಷರ ನಾಲಿಗೆಯ ಮೇಲೆ ಮೆತ್ತಗಾಗಿ ‘ಶು’ ಆಯಿತು. ಶುಗರ್ ಮತ್ತು ಶ್ಯೂರ್ ಇವೆರಡು ಶಬ್ದಗಳಲ್ಲಿ ಅದು ಹಾಗೆಯೇ ನಿಂತಿತು. ಭಾರತದಿಂದ ಹೊರಟ ಶಕಾರ ಅರೇಬಿಯಾದಲ್ಲಿ ಕಳೆದುಹೋಗಿ, ಮೂಲದ ಪರಿಚಯವೇ ಇಲ್ಲದ ಇಂಗ್ಲೆಂಡಿನಲ್ಲಿ ತಾನಾಗಿಯೇ ಮತ್ತೆ ಹುಟ್ಟಿತು.

ಮೂರನೆಯ ಬಾಗಿಲು ಕನ್ನಡ ನಾಡಿಗೆ ಹತ್ತಿರದ್ದು. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇಲ್ಲಿನ ಜನರ ಬಾಯಿಂದ ಕೇಳಿದ ಹೆಸರನ್ನು ಜಾಗರ ಎಂದು ಮಾಡಿಕೊಂಡರು. ಅದರಿಂದ ಇಂಗ್ಲಿಷಿನ ಜಾಗರಿ, ಅಂದರೆ ಬೆಲ್ಲ. ಅವರ ಕಿವಿಗೆ ಬಿದ್ದದ್ದು ಮಲಯಾಳದ ಚಕ್ಕರವೋ, ಕನ್ನಡದ ಸಕ್ಕರೆಯೋ ಎಂಬ ವಿಷಯದಲ್ಲಿ ನಿಘಂಟುಗಳು ಬೇರೆ ಬೇರೆ ಹಾದಿ ಹಿಡಿದಿವೆ. ಬೇರು ಶರ್ಕರಾ ಎಂಬುದರಲ್ಲಿ ಒಮ್ಮತವಿದೆ. 1886ರಲ್ಲಿ ಪ್ರಕಟವಾದ, ಆಂಗ್ಲೋ–ಇಂಡಿಯನ್ ಶಬ್ದಗಳ ಹಾಬ್ಸನ್–ಜಾಬ್ಸನ್ ಕೋಶದಲ್ಲಿ ಜಾಗರಿ, ಶುಗರ್ ಎರಡಕ್ಕೂ ಪ್ರತ್ಯೇಕ ಟಿಪ್ಪಣಿಗಳಿವೆ. ಅದನ್ನು ಹೆನ್ರಿ ಯೂಲ್ ಜೊತೆ ಸೇರಿ ಸಂಪಾದಿಸಿದ ಎ.ಸಿ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವರು.

ಪೋರ್ಚುಗೀಸರು ಬರುವುದಕ್ಕೆ ಬಹಳ ಮೊದಲೇ ಪೂರ್ವಕ್ಕೂ ಶಬ್ದ ಹೊರಟಿತ್ತು. 647ರಲ್ಲಿ ಚೀನಾದ ತಾಂಗ್ ಸಾಮ್ರಾಟ ತೈಜಾಂಗ್ ಸಕ್ಕರೆ ಮಾಡುವ ವಿಧಾನ ಕಲಿತು ಬರಲು ಮಗಧಕ್ಕೆ ಜನರನ್ನು ಕಳಿಸಿದ. ದುನ್‌ಹುವಾಂಗ್ ಗುಹೆಗಳಲ್ಲಿ ಸಿಕ್ಕ ಒಂದು ತುಂಡು ಹಾಳೆಯಲ್ಲಿ ಭಾರತೀಯರ ವಿಧಾನವನ್ನು ವಿವರಿಸಿ, ‘ಶಾಗೆಲಿಂಗ್’ ಎಂದು ಶರ್ಕರಾ ಶಬ್ದವನ್ನೇ ಚೀನೀ ಲಿಪಿಯಲ್ಲಿ ಬರೆದಿದ್ದಾರೆ. ಸಂಸ್ಕೃತ ವಿದ್ವಾಂಸ ಜಿ ಶಿಯಾನ್‌ಲಿನ್ ಆ ಹಾಳೆಯನ್ನು ಓದಿ ಅದರ ಮಹತ್ವ ತೋರಿಸಿದರು. ಮುಂದೆ ಉತ್ತರ ಭಾರತ ಬಿಳಿ ಸಕ್ಕರೆಗೆ ಚೀನಿ ಎಂದಿತು, ಕಲ್ಲುಸಕ್ಕರೆಗೆ ಈಜಿಪ್ಟಿನ ಹೆಸರಿಟ್ಟು ಮಿಸ್ರಿ ಎಂದಿತು. ವಿದ್ಯೆ ಕಲಿತವರ ಹೆಸರು ಕಲಿಸಿದವರ ಊರಿಗೆ ಸರಕಾಗಿ ಬಂತು.

ಬಟ್ಟಲಿನ ಮೇಲಿನ ಬರಹ

ಇಂಗ್ಲೆಂಡಿನಲ್ಲಿ ಶುಗರ್ ಮೊದಲು ಅರಸರ ಮನೆಯ ಮಾತು. 1226ರಲ್ಲಿ 3ನೆಯ ಹೆನ್ರಿ ದೊರೆ ವಿಂಚೆಸ್ಟರಿನ ಮೇಯರ್‌ಗೆ ಹೇಳಿಕಳಿಸಿದ್ದು ಮೂರು ಪೌಂಡ್ ಅಲೆಕ್ಸಾಂಡ್ರಿಯಾ ಸಕ್ಕರೆಗಾಗಿ. ಅದೂ ಜಾತ್ರೆಗೆ ಬಂದ ವರ್ತಕರ ಬಳಿ ಒಂದೇ ಸಲಕ್ಕೆ ಅಷ್ಟು ಸಿಗುವುದಾದರೆ ಮಾತ್ರ. ಒಂದು ದೇಶದ ದೊರೆಗೆ ಒಂದೂವರೆ ಕಿಲೋಗಿಂತ ಕಡಿಮೆ ಸಕ್ಕರೆ ಸಿಗುವುದೂ ಅನುಮಾನವಾಗಿತ್ತು. ಉಳಿದವರಿಗೆ ಅದು ಮದ್ದಿನಂಗಡಿಯಲ್ಲಿ ತೂಗಿ ಕೊಡುವ ಔಷಧಿ. ಕೈಯಲ್ಲಿ ಏನೂ ಇಲ್ಲದವನನ್ನು ‘ಸಕ್ಕರೆ ಇಲ್ಲದ ಮದ್ದಿನಂಗಡಿಯವನು’ ಎನ್ನುವ ಮಾತು ಯೂರೋಪಿನಲ್ಲಿ ಚಾಲ್ತಿಯಲ್ಲಿತ್ತು.

ಅಪರೂಪದ ವಸ್ತುವಾಗಿದ್ದ ಕಾಲದಲ್ಲಿ ಶಬ್ದಕ್ಕೆ ಹೊಗಳಿಕೆಯ ಅರ್ಥಗಳು ಬಂದವು. 1598ರಲ್ಲಿ ಇಂಗ್ಲಿಷ್ ಬರಹಗಾರ ಫ್ರಾನ್ಸಿಸ್ ಮಿಯರ್ಸ್ ಶೇಕ್ಸ್‌ಪಿಯರನ ಸಾನೆಟ್ಟುಗಳನ್ನು ಮೆಚ್ಚಿ ಸಕ್ಕರೆ ಬೆರೆತವು ಎಂದು ಬಣ್ಣಿಸಿದ. ಸಕ್ಕರೆ ಅಗ್ಗವಾದಂತೆ ಅರ್ಥವೂ ಇಳಿಯುತ್ತ ಬಂತು. ಇಂದಿನ ಇಂಗ್ಲಿಷಿನಲ್ಲಿ ಒಂದು ಮಾತಿಗೆ ಸಕ್ಕರೆ ಸವರಿದ್ದಾರೆ ಎಂದರೆ ಅದರೊಳಗೆ ಕಹಿ ಬಚ್ಚಿಟ್ಟಿದ್ದಾರೆ ಎಂದು ಅರ್ಥ. ಗ್ರೀಕ್ ಬಾಗಿಲಿನಿಂದ ಬಂದ ಸ್ಯಾಕರೈನ್ ಎಂಬ ವಿಶೇಷಣ ಅತಿಯಾಗಿ ಮುಖಕ್ಕೆ ಹೊಡೆಯುವ ನಯವನ್ನು ಸೂಚಿಸುತ್ತದೆ. ಪ್ರೀತಿಪಾತ್ರರನ್ನು ಕರೆಯುವ ಶಬ್ದವಾಗಿಯೂ ಶುಗರ್ ಬಳಕೆಯಲ್ಲಿದೆ. ಕನ್ನಡದ ಮನೆಗಳಲ್ಲಿ ಆ ಜಾಗದಲ್ಲಿ ಚಿನ್ನ, ಬಂಗಾರ ಇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಸೈನಿಕರು ವೈರ್‌ಲೆಸ್‌ನಲ್ಲಿ ‘ಎಸ್’ ಅಕ್ಷರವನ್ನು ತಪ್ಪಿಲ್ಲದೆ ತಿಳಿಸಲು ಹೇಳುತ್ತಿದ್ದ ಸಂಕೇತವೂ ಶುಗರ್. ಅಷ್ಟು ಮನೆಮಾತಾದ ಶಬ್ದ ಅದು.

ಮನೆಮಾತಾಗಲು ಕಾರಣವೇನು ಎಂಬುದನ್ನು ಹೇಳದೆ ಈ ಶಬ್ದದ ಇತಿಹಾಸ ಪೂರ್ತಿಯಾಗುವುದಿಲ್ಲ. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾತ್ರೆಯಲ್ಲಿ ಕ್ಯಾನರಿ ದ್ವೀಪಗಳಿಂದ ಕಬ್ಬಿನ ತುಂಡುಗಳನ್ನು ಕೆರಿಬಿಯನ್‌ಗೆ ಒಯ್ದ. ಮುಂದಿನ ಶತಮಾನಗಳಲ್ಲಿ ಬ್ರೆಜಿಲ್, ಬಾರ್ಬಡೋಸ್, ಜಮೈಕಾ ಕಬ್ಬಿನ ತೋಟಗಳಾದವು. ಆಫ್ರಿಕಾದಿಂದ ಸುಮಾರು 1 ಕೋಟಿ 25 ಲಕ್ಷ ಜನರನ್ನು ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಿದರು. ಸುಮಾರು 18 ಲಕ್ಷ ಜನ ದಾರಿಯಲ್ಲೇ ಸತ್ತರು. ಉಳಿದವರಲ್ಲಿ ಬಹುದೊಡ್ಡ ಪಾಲು ಕಬ್ಬಿನ ತೋಟಗಳಿಗೆ ಹೋಯಿತು. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕು, ಇಲ್ಲದಿದ್ದರೆ ರಸ ಹುಳಿಯಾಗುತ್ತದೆ. ಹಾಗಾಗಿ ಸುಗ್ಗಿಯಲ್ಲಿ ಗಾಣ ರಾತ್ರಿಯೂ ನಿಲ್ಲುತ್ತಿರಲಿಲ್ಲ. ನಿದ್ದೆಗಣ್ಣಿನಲ್ಲಿ ಕಬ್ಬು ನೂಕುತ್ತಿದ್ದವರ ಬೆರಳು ಉರುಳೆಗಳ ನಡುವೆ ಸಿಕ್ಕಿದರೆ ತೋಳನ್ನೇ ಕಡಿದು ಜೀವ ಉಳಿಸಲೆಂದು ಪಕ್ಕದಲ್ಲಿ ಮಚ್ಚು ಇಟ್ಟಿರುತ್ತಿದ್ದರು. ಇಂಗ್ಲೆಂಡಿನಲ್ಲಿ ಒಬ್ಬೊಬ್ಬರು ವರ್ಷಕ್ಕೆ ತಿನ್ನುತ್ತಿದ್ದ ಸಕ್ಕರೆ 1700ರ ಸುಮಾರಿಗೆ ಅಂದಾಜು 4 ಪೌಂಡ್ ಇದ್ದದ್ದು 1800ರ ಹೊತ್ತಿಗೆ 18 ಪೌಂಡ್ ಆಯಿತು. 1874ರಲ್ಲಿ ಸಕ್ಕರೆಯ ಮೇಲಿನ ಸುಂಕ ರದ್ದಾದ ಮೇಲೆ ಅದು ಕೂಲಿಕಾರರ ಚಹಾದ ಲೋಟಕ್ಕೂ ಸುಲಭವಾಗಿ ಇಳಿಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಸಿಡ್ನಿ ಮಿಂಟ್ಸ್ 1985ರಲ್ಲಿ ಬರೆದ ಪುಸ್ತಕ ಈ ಎರಡು ಕೊನೆಗಳನ್ನು, ಅಂದರೆ ಕೆರಿಬಿಯನ್ನಿನ ಗಾಣವನ್ನೂ ಲಂಡನ್ನಿನ ಚಹಾದ ಬಟ್ಟಲನ್ನೂ, ಒಟ್ಟಿಗೆ ಇಟ್ಟು ತೋರಿಸಿತು.

ಇಂಗ್ಲೆಂಡಿನಲ್ಲೇ ಇದರ ವಿರುದ್ಧ ಎದ್ದವರಿದ್ದರು. 1791ರಲ್ಲಿ ವಿಲಿಯಂ ಫಾಕ್ಸ್ ಬರೆದ ಕಿರುಹೊತ್ತಗೆ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಮುಟ್ಟಬೇಡಿ ಎಂದು ಕರೆ ಕೊಟ್ಟಿತು. ಸಾವಿರಾರು ಮನೆಗಳಲ್ಲಿ, ಮುಖ್ಯವಾಗಿ ಹೆಂಗಸರ ಹಟದಿಂದ, ಸಕ್ಕರೆ ನಿಂತಿತು. 1820ರ ದಶಕದ ಪಿಂಗಾಣಿಯ ಸಕ್ಕರೆ ಬಟ್ಟಲುಗಳ ಮೇಲೆ ‘ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಎಂಬ ಅರ್ಥದ ಬರಹವಿದೆ. ಮನೆಗೆ ಬಂದ ನೆಂಟರು ಬಟ್ಟಲು ಎತ್ತಿಕೊಂಡಾಗ ಕಣ್ಣಿಗೆ ಬೀಳಲೆಂದು ಬರೆಸಿದ್ದು ಅದು. ಶಬ್ದ ಹುಟ್ಟಿದ ನೆಲದ ಹೆಸರು ಆ ಬಟ್ಟಲಿನ ಮೇಲೆ ಮತ್ತೆ ಬಂದಿತ್ತು.

ಆ ನೆಲದ ಜನರ ಸರದಿ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1834ರ ಆಗಸ್ಟ್ 1ರಂದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕೊನೆಗೊಳಿಸುವ ಕಾನೂನು ಜಾರಿಗೆ ಬಂತು. ಅದೇ ವರ್ಷದ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು 36 ಭಾರತೀಯ ಕೂಲಿಗಳನ್ನು ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ಇಳಿಸಿತು. ಕಬ್ಬಿನ ತೋಟಕ್ಕೆ ಬದಲಿ ಕೈಗಳು ಬೇಕಾಗಿದ್ದವು. 1838ರಲ್ಲಿ ಬ್ರಿಟಿಷ್ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಹಡಗಿನಲ್ಲಿ ನಟಾಲ್, 1879ರಲ್ಲಿ ಫಿಜಿ. ಐದೈದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಪೋರ್ಟ್ ಲೂಯಿಯಲ್ಲಿ ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಇನ್ನೂ ಉಳಿದಿವೆ. ಆಪ್ರವಾಸಿ ಘಾಟ್ ಎಂಬ ಹೆಸರಿನ ಆ ಜಾಗ 2006ರಿಂದ ವಿಶ್ವ ಪರಂಪರೆಯ ತಾಣ.

ರಕ್ತಕ್ಕೆ ಇಳಿದ ಹೆಸರು

ಸಿಹಿಮೂತ್ರದ ಕಾಯಿಲೆಯನ್ನು ಭಾರತದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಲಕ್ಷಣವೆಂದು ಹೇಳುತ್ತದೆ. ಆದರೆ ಅವರು ಆ ಕಾಯಿಲೆಗೆ ಕೊಟ್ಟದ್ದು ಜೇನಿನ ಹೆಸರು: ಮಧುಮೇಹ. ಯೂರೋಪಿನಲ್ಲಿಯೂ ಡಯಾಬಿಟಿಸ್ ಜೊತೆ ಸೇರಿದ ಮೆಲ್ಲಿಟಸ್ ಎಂಬ ಲ್ಯಾಟಿನ್ ಮಾತು ಜೇನಿನದೇ. ಸಕ್ಕರೆಯ ಹೆಸರು ಈ ಕಾಯಿಲೆಗೆ ಬರಲು ಒಂದು ಪ್ರಯೋಗ ನಡೆಯಬೇಕಾಯಿತು.

ಆ ಪ್ರಯೋಗ ಮಾಡಿದವರು ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯರು. ರೋಗಿಯ ಮೂತ್ರವನ್ನು ಕಾಯಿಸಿ ಆವಿಯಾಗಲು ಬಿಟ್ಟಾಗ ತಳದಲ್ಲಿ ಬಿಳಿಯ ಹೆಪ್ಪು ಉಳಿಯಿತು. ಅದರ ವಾಸನೆ, ರುಚಿ ಎರಡೂ ಕಂದು ಸಕ್ಕರೆಯವು. ರಕ್ತದ ತಿಳಿಯೂ ಸಿಹಿಯಾಗಿರುವುದನ್ನು ಕಂಡು, ಮೂತ್ರಕ್ಕೆ ಬರುವ ಮೊದಲೇ ಸಕ್ಕರೆ ರಕ್ತದಲ್ಲಿದೆ ಎಂದು ಅವರು ತೀರ್ಮಾನಿಸಿದರು. ವರದಿ ಪ್ರಕಟವಾದದ್ದು 1776ರಲ್ಲಿ. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಲಿವರ್‌ಪೂಲಿನಲ್ಲಿತ್ತು. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರಕ್ಕೆ ಅತಿ ಹೆಚ್ಚು ಹಡಗುಗಳು ಹೊರಡುತ್ತಿದ್ದ ಬಂದರು ಅದೇ. ಮರಳಿ ಬರುವ ಹಡಗುಗಳು ತುಂಬಿಕೊಂಡು ಬರುತ್ತಿದ್ದದ್ದು ಸಕ್ಕರೆ. ಶುಗರ್ ಶಬ್ದದ ಎರಡು ಅರ್ಥಗಳು, ಪೀಪಾಯಿಯಲ್ಲಿ ಬಂದದ್ದು ಮತ್ತು ರಕ್ತದಲ್ಲಿ ಸಿಕ್ಕಿದ್ದು, ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಇದ್ದವು.

ರಸಾಯನಶಾಸ್ತ್ರ ಬೆಳೆದಂತೆ ಶುಗರ್ ಒಂದು ವಸ್ತುವಿನ ಹೆಸರಾಗಿ ಉಳಿಯದೆ ಒಂದು ಕುಲದ ಹೆಸರಾಯಿತು. ಹಾಲಿನಲ್ಲಿ ಲ್ಯಾಕ್ಟೋಸ್, ಹಣ್ಣಿನಲ್ಲಿ ಫ್ರಕ್ಟೋಸ್, ರಕ್ತದಲ್ಲಿ ಗ್ಲೂಕೋಸ್. ಲ್ಯಾಬಿನ ರಿಪೋರ್ಟು ಹೇಳುವ ಶುಗರ್ ಈ ಗ್ಲೂಕೋಸ್. ಉಪವಾಸದ ಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಒಳಗಿದ್ದರೆ ಸರಿ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಸುಮಾರು ಐದು ಲೀಟರ್ ರಕ್ತವಿರುವ ಮನುಷ್ಯನ ಲೆಕ್ಕ ಹಾಕಿದರೆ, ಆರೋಗ್ಯವಂತರ ಇಡೀ ಮೈಯಲ್ಲಿ ಸುತ್ತುತ್ತಿರುವ ಸಕ್ಕರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಆ ಒಂದು ಚಮಚ ಒಂದೂಕಾಲು ಚಮಚವಾಯಿತೇ ಎಂದು ನೋಡಲು ಬೆಳಿಗ್ಗೆ ಏಳಕ್ಕೆ ಲ್ಯಾಬುಗಳ ಮುಂದೆ ಸಾಲು ನಿಲ್ಲುತ್ತದೆ. ಊಟಕ್ಕೆ ಮುಂಚೆ ಒಂದು ಸಲ, ಊಟವಾಗಿ ಎರಡು ಗಂಟೆಗೆ ಇನ್ನೊಂದು ಸಲ, ಜೊತೆಗೆ ‘ಮೂರು ತಿಂಗಳ ಆವರೇಜ್’.

ಈ ಕಾಯಿಲೆ ಬಂದ ಮಕ್ಕಳು ಹಿಂದೆ ಬದುಕುತ್ತಿರಲಿಲ್ಲ. 1922ರ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಾದ ಮೇಲೆ ‘ಶುಗರ್ ಇದೆ’ ಎಂಬ ಮಾತನ್ನು ದಶಕಗಟ್ಟಲೆ ಬದುಕಿ ಹೇಳಲು ಸಾಧ್ಯವಾಯಿತು.

ಕನ್ನಡದಲ್ಲಿ ಎರಡು ಕೋಣೆ

ಕನ್ನಡಿಗರ ಬದುಕಿನಲ್ಲಿ ಸಕ್ಕರೆ ಒಳ್ಳೆಯ ಸುದ್ದಿಯ ಶಬ್ದ. ಮಗು ಹುಟ್ಟಿದರೆ, ಮಗಳು ಪಾಸಾದರೆ, ಚುನಾವಣೆ ಗೆದ್ದರೆ ಸಕ್ಕರೆ ಹಂಚುತ್ತಾರೆ. ಶುಭ ನುಡಿದವರಿಗೆ ‘ನಿನ್ನ ಬಾಯಿಗೆ ಸಕ್ಕರೆ ಹಾಕ’ ಎನ್ನುತ್ತಾರೆ. ಬೆಳಗಿನ ಜಾವದ ನಿದ್ದೆ ಸಕ್ಕರೆ ನಿದ್ದೆ. ಸಂಕ್ರಾಂತಿಗೆ ಎರಡು ವಾರ ಇರುವಾಗಲೇ ಹಳೆ ಮೈಸೂರಿನ ಮನೆಗಳಲ್ಲಿ ಮರದ ಅಚ್ಚುಗಳು ಅಟ್ಟದಿಂದ ಇಳಿಯುತ್ತವೆ. ಪಾಕ ಹೊಯ್ದು, ಆರಲು ಬಿಟ್ಟು, ದಾರ ಬಿಚ್ಚಿದರೆ ಬಿಳಿಯ ಆನೆ, ಗಿಳಿ, ತುಳಸಿಕಟ್ಟೆ. ಕಿವಿ ಮುರಿದ ಆನೆ ಅಲ್ಲೇ ನಿಂತ ಮಗುವಿನ ಬಾಯಿಗೆ.

ಈ ಸಕ್ಕರೆ ಒಂದು ಜಿಲ್ಲೆಯ ಬಿರುದೂ ಆಯಿತು. ಕೃಷ್ಣರಾಜಸಾಗರದ ನಾಲೆಯ ನೀರು ಒಣಭೂಮಿಗೆ ಬಂದ ಕಾಲದಲ್ಲಿ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತು ದುಡಿದವರು. ರಾಗಿ ಬೆಳೆಯುತ್ತಿದ್ದ ಊರುಗಳು ಸಕ್ಕರೆಯ ನಾಡಾದವು. ಇಂದು ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗಳು ಬಹಳ ಮುಂದೆ ಹೋಗಿವೆ; ಆದರೂ ಸಕ್ಕರೆಯ ನಾಡು ಎಂದರೆ ಜನರ ಬಾಯಿಗೆ ಮೊದಲು ಬರುವುದು ಮಂಡ್ಯ.

ಇಂಥ ಅಕ್ಕರೆಯ ಶಬ್ದದ ಪಕ್ಕದಲ್ಲಿ ಶುಗರ್ ಬಂದಾಗ ಕನ್ನಡ ಜಾಣತನ ತೋರಿಸಿತು. ಪತ್ರಿಕೆಗಳು ಮಧುಮೇಹ ಎಂದು ಬರೆದವು, ಹಳ್ಳಿಗಳು ಸಕ್ಕರೆ ಕಾಯಿಲೆ ಎಂದವು, ಎರಡೂ ಕಡೆಯ ಬಾಯಿಮಾತಿನಲ್ಲಿ ನಿಂತದ್ದು ಶುಗರ್. ಅಕ್ಷರ ಬಾರದ ಅಜ್ಜಿಯೂ ‘ನಂಗೆ ಬಿಪಿ ಇಲ್ಲ ಕಣಪ್ಪ, ಶುಗರ್ ಒಂದೇ’ ಎನ್ನುತ್ತಾಳೆ. ಇದನ್ನು ಇಂಗ್ಲಿಷಿನ ದಾಳಿ ಎಂದು ದೂರುವವರು ಒಂದು ವಿಷಯ ಗಮನಿಸಬೇಕು. ಮಗು ಹುಟ್ಟಿದ್ದಕ್ಕೆ ಶುಗರ್ ಹಂಚಿದೆವು ಎನ್ನುವವರು ಯಾರೂ ಇಲ್ಲ, ಸಂಕ್ರಾಂತಿಗೆ ಶುಗರ್ ಅಚ್ಚು ಮಾಡಿದೆವು ಎನ್ನುವವರೂ ಇಲ್ಲ. ಹೊರಗಿನಿಂದ ಬಂದ ಶಬ್ದಕ್ಕೆ ಕಾಯಿಲೆಯನ್ನು ಹೊರಿಸಿ, ಒಳಗಿನ ಶಬ್ದದ ಶುಭವನ್ನು ಕನ್ನಡ ಕಾಪಾಡಿಕೊಂಡಿದೆ. ಹಾಗೆ ಮಾಡುವಾಗ, ಹೊರಗಿನದೆಂದು ತಿಳಿದ ಆ ಶಬ್ದವೂ ತನ್ನ ಸಕ್ಕರೆಯೇ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಬೆಂಗಳೂರಿನ ದರ್ಶಿನಿಗಳಲ್ಲಿ ಈ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರಿಬ್ಬರು ಕೌಂಟರಿಗೆ ಬರುತ್ತಾರೆ. ಒಬ್ಬರು ಟೋಕನ್ ಮುಂದಿಟ್ಟು ಹೇಳುತ್ತಾರೆ: “ಎರಡು ಕಾಫಿ. ಒಂದು ವಿತೌಟ್.” ಏನಿಲ್ಲದ್ದು ಎಂದು ಕಾಫಿ ಹಾಕುವ ಹುಡುಗ ಕೇಳುವುದಿಲ್ಲ. ಶರ್ಕರಾ ಎಂದು ಹೊರಟು, ಸಕ್ಖರಿ, ಶಕರ್, ಸುಕ್ಕರ್, ಸುಕ್ರ್, ಶುಗರ್ ಎಂದು ಇಷ್ಟೊಂದು ಬಾಯಿಗಳನ್ನು ದಾಟಿ ಬಂದ ಶಬ್ದವನ್ನು ಇಲ್ಲಿ ಉಚ್ಚರಿಸುವ ಅಗತ್ಯವೇ ಉಳಿದಿಲ್ಲ. ಹುಡುಗ ಒಂದು ಲೋಟಕ್ಕೆ ಒಂದು ಚಮಚ ಹಾಕುತ್ತಾನೆ. ಇನ್ನೊಂದರಲ್ಲಿ ಡಿಕಾಕ್ಷನ್, ಹಾಲು ಅಷ್ಟೇ. ಎರಡೂ ನೋಡಲು ಒಂದೇ ಥರ ಇರುವುದರಿಂದ, ವಿತೌಟ್ ಲೋಟವನ್ನು ಅವನು ಒಂದು ಗೇಣು ದೂರ ಸರಿಸಿ ಇಡುತ್ತಾನೆ.